ನಾಲ್ಕು ಗ್ಯಾಲನ್‌ಗಿಂತ ಕಡಿಮೆಯ ಸಂಕಟ

ಬೇಸಿಗೆಯಲ್ಲಿ ಪೆಟ್ರೋಲು ಆವಿಯಾಗುತ್ತದೆ ಎಂಬುದನ್ನು ವಾಷಿಂಗ್ಟನ್ನಿನ ಇಲಾಖೆಯೊಂದು ಕಂಡುಹಿಡಿದು, ದೃಢಪಡಿಸಿ, ಅಚ್ಚು ಹಾಕಿಸಿ, ಎಲ್ಲ ಬಂಕುಗಳಿಗೂ ಅಂಚೆಯಲ್ಲಿ ಕಳಿಸಿತ್ತು. ಆದಕಾರಣ ನೂರಕ್ಕೆ ಹದಿನೈದು ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲನ್ನು ಜೂನ್ ಒಂದರಿಂದ ಸೆಪ್ಟೆಂಬರ್ ಹದಿನೈದರವರೆಗೆ ಯಾರೂ ಮಾರತಕ್ಕದ್ದಲ್ಲ. ಆದರೆ ಎಥೆನಾಲ್ ದೇಶಕ್ಕೆ ಒಳ್ಳೆಯದು ಎಂಬುದನ್ನೂ ಅದೇ ಇಲಾಖೆ ಕಂಡುಹಿಡಿದಿದ್ದರಿಂದ, ತುರ್ತುಪರಿಸ್ಥಿತಿ ಇದ್ದಲ್ಲಿ ಮಾರಬಹುದು. ಒಂದು ತುರ್ತುಪರಿಸ್ಥಿತಿಯ ಆಯಸ್ಸು ಇಪ್ಪತ್ತು ದಿನ. ಮುಗಿದ ಕೂಡಲೇ ಹೊಸದೊಂದನ್ನು ಪಡೆಯತಕ್ಕದ್ದು.

ಇದರಲ್ಲಿ ತಿಳಿಯದ್ದು ಏನೂ ಇಲ್ಲ. ಅಯೋವಾದ ಟಿಲ್ಬರಿಯಲ್ಲಿ ಎಲ್ಲರಿಗೂ ತಿಳಿದಿತ್ತು.

ಟಿಲ್ಬರಿಯಲ್ಲಿ ಆರುನೂರ ಹನ್ನೆರಡು ಜನ, ಒಂದು ಲುಥೆರನ್ ಚರ್ಚು, ಒಂದು ಪೆಟ್ರೋಲ್ ಬಂಕು. ಬಂಕು ಡೆಲೋರಿಸ್ ವಾಸ್‌ಳದು. ಗಂಡ ತೀರಿಕೊಂಡು ಹದಿನಾಲ್ಕು ವರ್ಷವಾಯಿತು, ಅವತ್ತಿನಿಂದ ಒಬ್ಬಳೇ ನಡೆಸಿಕೊಂಡು ಬಂದಿದ್ದಳು. ಊರಿನ ಸುತ್ತ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ. ಆ ಜೋಳ ನಾಲ್ಕು ಮೈಲಿ ಆಚೆಯ ಕಾರ್ಖಾನೆಗೆ ಹೋಗಿ, ಎಥೆನಾಲ್ ಆಗಿ, ಡೆಲೋರಿಸ್‌ಳ ಮೂರನೇ ಪೈಪಿಗೆ ವಾಪಸು ಬರುತ್ತಿತ್ತು. ನಮ್ಮ ಹೊಲದ್ದನ್ನೇ ನಮ್ಮ ಪಿಕಪ್ಪಿಗೆ ಕುಡಿಸುತ್ತೇವೆ ಎಂಬ ಹೆಮ್ಮೆಯಲ್ಲಿ ಊರವರೆಲ್ಲ ಆ ಹದಿನೈದರ ಪೈಪನ್ನೇ ಹಿಡಿಯುತ್ತಿದ್ದರು. ಉಳಿದೆರಡು ಪೈಪುಗಳಲ್ಲಿ ಜೇಡ ಬಲೆ ಕಟ್ಟಿತ್ತು.

ಹಿಂದಿನ ವರ್ಷಗಳಲ್ಲಿ ಇಲಾಖೆ ಎಲ್ಲ ಊರುಗಳಿಗೂ ಸೇರಿಸಿ ಒಂದೇ ತುರ್ತುಪರಿಸ್ಥಿತಿ ಹಂಚುತ್ತಿತ್ತು. ಈ ವರ್ಷ ಸುತ್ತೋಲೆ ಬಂತು: ಹಾಗೆ ಸಗಟು ಹಂಚುವುದು ಅನ್ಯಾಯ, ಪ್ರತಿ ಊರೂ ತನ್ನ ತುರ್ತುಪರಿಸ್ಥಿತಿಯನ್ನು ತಾನೇ ರುಜುವಾತುಪಡಿಸತಕ್ಕದ್ದು. ಇಪ್ಪತ್ತೆರಡು ಮೈಲಿ ದೂರದ ಹಾಲ್‌ಸ್ಟೆಡ್ ಪಟ್ಟಣಕ್ಕೆ ಒಂದೇ ಮಧ್ಯಾಹ್ನದಲ್ಲಿ ಅದು ಸಿಕ್ಕಿಬಿಟ್ಟಿತು. ಅಲ್ಲಿ ಇಬ್ಬರು ವಕೀಲರಿದ್ದರು.

"ನೋಡಿ, ಈಗಲೇ ಹೇಳಿಬಿಡ್ತೀನಿ," ಎಂದಳು ಡೆಲೋರಿಸ್, ಬೆಳಿಗ್ಗೆ ಆರೂವರೆಗೆ ಬಂಕಿನೊಳಗಿನ ಕಾಫಿ ಮೇಜಿನ ಮುಂದೆ ನಿಂತು. "ಪೈಪಿಗೆ ಬೀಗ ಬಿದ್ರೆ ನೀವೆಲ್ಲ ಸಾಮಾನು ತರೋಕೆ ಅಂತ ಹಾಲ್‌ಸ್ಟೆಡ್‌ಗೆ ಹೋಗಿ ಅಲ್ಲೇ ತುಂಬಿಸ್ಕೊಂಡು ಬರ್ತೀರಿ. ಬೇಡ ಅನ್ನಲ್ಲ. ಆದ್ರೆ ನಾನು ಬಂಕು ಮುಚ್ಚಿ ಆ ಮರುಭೂಮಿ ಟೂಸಾನಲ್ಲಿರೋ ತಂಗಿ ಮನೆಗೆ ಹೋಗ್ತೀನಿ."

ಅವಳು ದನಿ ಏರಿಸದೆ ಹೇಳಿದ್ದರಿಂದ ಮಾತು ನಿಜವೆಂದು ಎಲ್ಲರಿಗೂ ಗೊತ್ತಾಯಿತು. ಆ ಮೇಜಿಗೆ ಆರು ಕುರ್ಚಿ. ದಿನಾ ಬೆಳಿಗ್ಗೆ ಚರ್ಮದ ಲೋಟದಲ್ಲಿ ದಾಳ ಕುಲುಕಿ, ಸೋತವನು ಎಲ್ಲರ ಕಾಫಿಗೂ ಕೊಡಬೇಕು. ಊರಿನ ಹೋಟೆಲು ಮುಚ್ಚಿ ಆರು ವರ್ಷ, ಶಾಲೆ ಮುಚ್ಚಿ ಒಂಬತ್ತು. ಮುಪ್ಪಿನ ಗಂಡಸರು ಬೆಳಿಗ್ಗೆ ಎದ್ದು ಟೋಪಿ ಹಾಕಿಕೊಂಡು ಹೋಗುವುದಕ್ಕೆ ಆ ಮೇಜೊಂದೇ ಉಳಿದಿತ್ತು.

"ತುರ್ತುಪರಿಸ್ಥಿತಿ ತಾನೇ? ತೋರಿಸೋಣ ಬಿಡಮ್ಮ," ಎಂದ ಊರಿನ ಮೇಯರ್ ಗೇಲನ್ ಮೂಸ್. ಇವನೂ ಜೋಳದವನೇ, ಎಂಟುನೂರು ಎಕರೆ.

ಮೇ ಇಪ್ಪತ್ತೆಂಟರಂದು ಇಲಾಖೆಯ ಸಂಕಷ್ಟ ಪರಿಶೀಲನಾಧಿಕಾರಿ ಡಗ್ಲಾಸ್ ಪೆಟಿಬೋನ್ ಬಂದ. ಕತ್ತಿನ ತನಕ ಗುಂಡಿ ಹಾಕಿಕೊಂಡ, ಬಲು ಸಭ್ಯನಾದ ಮನುಷ್ಯ. ನಿಯಮದ ಪ್ರಕಾರ, ಸಂಕಷ್ಟ ಬಾಯಿಂದ ಹೊರಬರುವ ತನಕ ಅವನು ಊರವರಿಗೆ ಒಂದೇ ಒಂದು ಪ್ರಶ್ನೆ ಕೇಳಬಹುದಿತ್ತು, ಅದೂ ಇಲಾಖೆ ಅಚ್ಚು ಹಾಕಿಸಿದ ಮಾತಿನಲ್ಲೇ: "ಹೇಗಿದ್ದೀರಿ?" ಉತ್ತರವಾಗಿ ಯಾರಾದರೂ ತಾವಾಗಿಯೇ ಒಂದು ಸಂಕಷ್ಟ ಹೇಳಿಕೊಂಡರೆ ಸಾಕು, ಊರಿಗೆ ತುರ್ತುಪರಿಸ್ಥಿತಿ ಮಂಜೂರು. ಇದಕ್ಕಿಂತ ಉದಾರವಾದ ನಿಯಮ ಇನ್ನೊಂದಿಲ್ಲ.

ಮೊದಲು ಗೇಲನ್‌ನನ್ನು ಕೇಳಿದ. ಹಿಂದಿನ ವಾರದ ಗಾಳಿಗೆ ಗೇಲನ್‌ನ ಕೊಟ್ಟಿಗೆಯ ಚಾವಣಿ ಹಾರಿ ಪಕ್ಕದವರ ಸೋಯಾ ಹೊಲದಲ್ಲಿ ಬಿದ್ದಿತ್ತು.

"ಪರವಾಗಿಲ್ಲ, ದೂರೋ ಹಾಗೇನಿಲ್ಲ," ಎಂದ ಗೇಲನ್.

ಚರ್ಚಿನ ಅಡುಗೆಮನೆಯ ಯಜಮಾನಿ ಲವಾನ್‌ಳನ್ನು ಕೇಳಿದ. ಸೊಂಟ ಮುರಿದುಕೊಂಡು ಊರುಗೋಲಿನ ಮೇಲೆ ನಿಂತಿದ್ದಳು.

"ಪರವಾಗಿಲ್ಲ ಕಣಪ್ಪ. ಊಟ ಆಯ್ತಾ ನಿಮ್ದು?"

ಹೀಗೆ ನಲವತ್ತೊಂದು ಜನ. ಒಬ್ಬ ಟ್ರ್ಯಾಕ್ಟರಿನಡಿ ಸಿಕ್ಕಿ ಎರಡು ಬೆರಳು ಕಳೆದುಕೊಂಡಿದ್ದವನು, ಇನ್ನೂ ಎಂಟಿವೆ ಎಂದ. ಅಲ್ಲ ಸ್ವಾಮಿ, ಅವರೇನು ಬೇಕಂತ ಕೆಡಿಸಿದರೇ? ಟಿಲ್ಬರಿಯಲ್ಲಿ ಹೇಗಿದ್ದೀರಿ ಎಂದರೆ ಪರವಾಗಿಲ್ಲ ಎನ್ನಬೇಕು. ಬೇರೆ ಉತ್ತರ ಕೊಡುವುದೆಂದರೆ ಒಳ ಅಂಗಿಯಲ್ಲಿ ಬೀದಿಗೆ ಬಂದ ಹಾಗೆ. ಅಪ್ಪ ಸತ್ತ ದಿನವೂ ಹಾಗೇ ಅಂದವರು ಸರಕಾರದವನ ಮುಂದೆ ಬಾಯಿ ಬಿಟ್ಟಾರೆಯೇ.

ಪೆಟಿಬೋನ್ "ಸಂಕಷ್ಟ ಕಂಡುಬಂದಿಲ್ಲ" ಎಂಬ ಮೊಹರು ಒತ್ತಿದ. ಜೂನ್ ಒಂದರ ಬೆಳಿಗ್ಗೆ ಮೂರನೇ ಪೈಪಿಗೆ ತಾನೇ ಬೀಗ ಹಾಕಿದ. ಒಂಬತ್ತರಂದು ಮೇಲ್ಮನವಿಗೆ ಒಂದು ಅವಕಾಶವಿದೆಯೆಂದು ಹೇಳಿ, ಲವಾನ್ ಬೇಯಿಸಿ ಕಟ್ಟಿಕೊಟ್ಟ ಆಲೂಗಡ್ಡೆ ಕ್ಯಾಸರೋಲಿನ ಪಾತ್ರೆಯನ್ನು ಪಕ್ಕದ ಸೀಟಿನಲ್ಲಿಟ್ಟು, ಅದಕ್ಕೂ ಬೆಲ್ಟು ಹಾಕಿ ಹೊರಟುಹೋದ.

"ನಾಚಿಕೆ ಆಗಲ್ವೇನ್ರೋ ನಿಮಗೆ?" ಎಂದು ಡೆಲೋರಿಸ್ ಕಾಫಿ ಮೇಜನ್ನು ಝಾಡಿಸಿದಳು. "ಒಬ್ಬ, ಒಬ್ಬನಾದ್ರೂ ಅಯ್ಯೋ ಅನ್ನಬಾರ್ದಿತ್ತಾ?"

"ಅನ್ನಬೇಕು ಅಂತಿದ್ದೆ," ಎಂದ ಗೇಲನ್. "ಆ ಮನುಷ್ಯ ಅಷ್ಟು ದೂರದಿಂದ ಬಂದಿದಾನೆ, ಸುಮ್ನೆ ಯಾಕೆ ಬೇಜಾರು ಮಾಡೋದು ಅನ್ನಿಸ್ತು."

ಅಂದಿನಿಂದ ದಿನಾ ಸಂಜೆ ಐದಕ್ಕೆ ಚರ್ಚಿನ ನೆಲಮಾಳಿಗೆಯಲ್ಲಿ ದೂರುವ ತರಗತಿ ಶುರುವಾಯಿತು. ಡೆಲೋರಿಸ್ ಕೈಯಲ್ಲಿ ಸಾರಿನ ಸೌಟು ಹಿಡಿದು ಒಬ್ಬೊಬ್ಬರನ್ನೇ ಎಬ್ಬಿಸಿದಳು.

"ಗೇಲನ್, ಹೇಗಿದ್ದೀಯ?"

"ಪರವಾ..."

ಸೌಟು ಮೇಜಿಗೆ ಬಡಿಯಿತು.

"ನನ್ನ ಕೊಟ್ಟಿಗೆ ಚಾವಣಿ ಹಾರಿಹೋಯ್ತು," ಎಂದ ಗೇಲನ್, ಬೆವರು ಒರೆಸಿಕೊಳ್ಳುತ್ತ.

"ಶಭಾಷ್! ಅದರಿಂದ ಏನಾಯ್ತು?"

"ಒಳಗೆ ಬೆಳಕು ಚೆನ್ನಾಗಿ ಬರ್ತಿದೆ."

"ಥೂ ನಿನ್ನ! ಲವಾನ್, ನೀನು ಹೇಳೆ."

"ಸೊಂಟ ಮುರೀತು ಕಣೇ. ಡಾಕ್ಟ್ರು ಎಷ್ಟು ಒಳ್ಳೇವ್ರು ಅಂತೀಯಾ! ಅವರ ಹೆಂಡತಿಗೆ ಹೆರಿಗೆ ಆಗಿದೆಯಂತೆ."

ಐದನೆಯ ದಿನಕ್ಕೆ ಗೇಲನ್ ಒಂದು ಪೂರ್ತಿ ದೂರನ್ನು, ಕೊನೆಗೆ ಬಾಲ ಅಂಟಿಸದೆ, ಹೇಳಿ ಮುಗಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಎಲ್ಲರ ಕ್ಷಮೆ ಕೇಳಿ ಗಾಳಿ ಕುಡಿಯಲು ಹೊರಗೆ ಹೋದ.

ಒಂಬತ್ತರಂದು ಪೆಟಿಬೋನ್ ಮತ್ತೆ ಬಂದ. ಬರುವಾಗ ಅವನ ಕಾರಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಇಲಾಖೆಯ ಕಾರುಗಳು ಮಾದರಿಯಾಗಿರಬೇಕಾದ್ದರಿಂದ ಹದಿನೈದರ ಪೆಟ್ರೋಲನ್ನಲ್ಲದೆ ಬೇರೇನನ್ನೂ ಹಾಕಿಸುವಂತಿಲ್ಲ. ಟಿಲ್ಬರಿಯಲ್ಲಿ ಹಾಕಿಸಿಕೊಂಡರಾಯಿತು ಅಂದುಕೊಂಡು ಬಂದವನಿಗೆ, ಅಲ್ಲಿಯ ಪೈಪಿಗೆ ಬೀಗ ಹಾಕಿದ್ದು ತಾನೇ ಎಂಬುದು ಮರೆತುಹೋಗಿತ್ತು.

"ಬೀಗ ತೆಗೆದು ನಾಲ್ಕು ಗ್ಯಾಲನ್ ಹಾಕ್ಕೊಳ್ಳಿ ಸರ್," ಎಂದಳು ಡೆಲೋರಿಸ್.

"ಊರಿಗೆ ಸಂಕಷ್ಟ ಇದೆ ಅಂತ ಸಾಬೀತಾಗದೆ ತೆಗೆಯೋ ಹಾಗಿಲ್ಲ, ಮೇಡಂ."

"ನಿಮ್ಮ ಕಾರು ನಿಂತುಹೋಗಿರೋದು ಸಂಕಷ್ಟ ಅಲ್ವಾ?"

"ನೌಕರರ ಸಂಕಷ್ಟ ಲೆಕ್ಕಕ್ಕಿಲ್ಲ. ಆಹ್, ನಿಮ್ಮ ಕಾಳಜಿಗೆ ಧನ್ಯವಾದ."

ಕಾಫಿ ಮೇಜಿನ ಬಳಿ ವಿಚಾರಣೆ ನಡೆಯಿತು. ಎಲ್ಲರೂ ಪಾಠ ಒಪ್ಪಿಸಿದರು. ಚಾವಣಿ, ಸೊಂಟ, ಬೆರಳು, ಹಂದಿಗಳ ಜ್ವರ, ಒಂದೂ ಬಿಡಲಿಲ್ಲ. ಆದರೆ ಪಾಪ, ಹುಟ್ಟುಗುಣ. ಪ್ರತಿಯೊಬ್ಬರೂ ಹೇಳಿ ಮುಗಿಸಿ, ಎದುರಿಗಿದ್ದ ಆ ಸಭ್ಯ ಮುಖ ನೋಡಿ, "ಆದ್ರೂ ಇದಕ್ಕಿಂತ ಕೆಟ್ಟದಾಗಬಹುದಿತ್ತು ಬಿಡಿ" ಎಂದು ಸೇರಿಸಿಬಿಟ್ಟರು. ನಿಯಮಾವಳಿಯ ಏಳನೇ ಕಲಮಿನ ಪ್ರಕಾರ ಆ ಮಾತು ಬಂದ ಕೂಡಲೇ ಹಿಂದೆ ಹೇಳಿದ ಸಂಕಷ್ಟ ತನ್ನಿಂದ ತಾನೇ ರದ್ದಾಗುತ್ತದೆ. ಪೆಟಿಬೋನ್ ಒಂದೊಂದನ್ನೇ ಬರೆದುಕೊಂಡು ಒಂದೊಂದನ್ನೇ ಹೊಡೆದುಹಾಕಿದ. ಡೆಲೋರಿಸ್ ಎದ್ದು ಒಳಗೆ ಹೋಗಿ ಖಾಲಿ ರಟ್ಟಿನ ಪೆಟ್ಟಿಗೆ ತಂದು ಗಲ್ಲಾಪೆಟ್ಟಿಗೆಯ ಹಿಂದಿದ್ದ ಗಂಡನ ಫೋಟೋವನ್ನು ಅದರಲ್ಲಿಟ್ಟಳು.

ಉಳಿದವನು ಆರ್ವಿಲ್ ಟ್ವೈಟ್ ಒಬ್ಬ. ಎಪ್ಪತ್ತಾರು ವರ್ಷ, ಊರಾಚೆ ಒಂಬತ್ತು ಮೈಲಿ ದೂರದ ತೋಟದಮನೆಯವನು. ದೂರುವ ತರಗತಿಗೆ ಒಂದು ದಿನವೂ ಬಂದವನಲ್ಲ. ಮಾರ್ಚಿನಲ್ಲಿ ಹೆಂಡತಿ ಜೀನ್ ತೀರಿಹೋಗಿದ್ದಳು. ಅವನನ್ನು ಯಾಕೆ ಎಳೆಯುವುದು ಎಂದು ಯಾರೂ ಕರೆದಿರಲೂ ಇಲ್ಲ.

"ಹೇಗಿದ್ದೀರಿ?" ಎಂದ ಪೆಟಿಬೋನ್.

"ಪರವಾ..." ಎಂದು ಶುರುಮಾಡಿ ಆರ್ವಿಲ್ ಆ ರಟ್ಟಿನ ಪೆಟ್ಟಿಗೆ ನೋಡಿದ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಇಲ್ಲ. ಚೆನ್ನಾಗಿಲ್ಲ ನಾನು."

ದಾಳದ ಲೋಟ ಕುಲುಕುತ್ತಿದ್ದವನ ಕೈ ಅಲ್ಲೇ ನಿಂತಿತು.

"ಬೆಳಿಗ್ಗೆ ಎರಡು ಲೋಟ ಕಾಫಿ ಬಗ್ಗಿಸ್ತೀನಿ," ಎಂದ ಆರ್ವಿಲ್. "ಕೈ ತಾನಾಗೇ ಬಗ್ಗಿಸಿಬಿಡ್ತದೆ. ಎರಡನೇದು ಆರೋದನ್ನ ನೋಡ್ತಾ ಕೂರಕ್ಕಾಗಲ್ಲ, ಅದಕ್ಕೇ ಪಿಕಪ್ ತಗೊಂಡು ಇಲ್ಲಿಗೆ ಬರ್ತೀನಿ. ಇಲ್ಲಿಂದ ಅವಳ ಸಮಾಧಿಗೆ, ಅಲ್ಲಿಂದ ಮನೆಗೆ. ಈ ಬಂಕು ಮುಚ್ಚಿದ್ರೆ, 'ಪರವಾಗಿಲ್ಲ' ಅಂತ ಸುಳ್ಳು ಹೇಳೋದಕ್ಕೂ ನನಗೆ ಜನ ಇರಲ್ಲ."

ಸೇರಿಸುವ ಬಾಲ ಬರುತ್ತದೇನೋ ಎಂದು ಎಲ್ಲರೂ ಕಾದರು. ಬರಲಿಲ್ಲ. ಲವಾನ್ ಏಪ್ರನ್ನಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. ಪೆಟಿಬೋನ್ ಪೆನ್ನಿಗೆ ಮುಚ್ಚಳ ಹಾಕಿ ಮತ್ತೆ ತೆಗೆದ.

"ಇದರಲ್ಲಿ ಎಷ್ಟು ಗ್ಯಾಲನ್ ಅಡಕವಾಗಿದೆ?" ಎಂದು ಕೊನೆಗೆ ಕೇಳಿದ.

"ಏನು?"

"ಪ್ರಯಾಣ. ಮನೆ, ಬಂಕು, ಸಮಾಧಿ, ಮನೆ."

ಆರ್ವಿಲ್ ಯೋಚಿಸಿದ. "ಇಪ್ಪತ್ತೊಂದು ಮೈಲಿ. ನಮ್ಮ ಪಿಕಪ್ಪಿಗೆ ಒಂದೂವರೆ ಗ್ಯಾಲನ್ ಬೇಕು."

ಪೆಟಿಬೋನ್ ದುಃಖದಿಂದ ಅಡ್ಡಡ್ಡ ತಲೆಯಾಡಿಸಿದ. ಒಂದೇ ಪೈಪಿನಲ್ಲಿ ಬೇರೆ ಬೇರೆ ಪೆಟ್ರೋಲು ಬರುವ ಕಡೆ ಹಿಂದಿನ ಗಿರಾಕಿಯದು ಸ್ವಲ್ಪ ಪೈಪಿನೊಳಗೆ ಉಳಿದಿರುತ್ತದೆ ಎಂಬ ಕಾರಣಕ್ಕೆ, ನಾಲ್ಕು ಗ್ಯಾಲನ್‌ಗಿಂತ ಕಡಿಮೆ ಮಾರತಕ್ಕದ್ದಲ್ಲ ಎಂದು ಇಲಾಖೆ ಹಿಂದೊಮ್ಮೆ ವಿಧಿಸಿತ್ತು. ಆಮೇಲೆ ಏಕರೂಪತೆಯ ದೃಷ್ಟಿಯಿಂದ ಆ ನಿಯಮವನ್ನು ಉಳಿದ ವಿಷಯಗಳಿಗೂ ವಿಸ್ತರಿಸಲಾಗಿತ್ತು.

"ನಾಲ್ಕು ಗ್ಯಾಲನ್‌ಗಿಂತ ಕಡಿಮೆಯ ಸಂಕಟವನ್ನು ಇಲಾಖೆ ಪರಿಗಣಿಸೋ ಹಾಗಿಲ್ಲ," ಎಂದ. "ಅದು ಹಿಂದಿನವರ ಸಂಕಟದ ಉಳಿಕೆ ಇದ್ದರೂ ಇರಬಹುದು."

"ಮನುಷ್ಯರೇನ್ರೀ ನೀವು?" ಎಂದು ಡೆಲೋರಿಸ್ ಕೂಗಿದಳು.

"ಇಲಾಖೆಯವನು, ಮೇಡಂ."

ಅವಳು ಅವನ ಕೈಯಿಂದ ನಿಯಮಾವಳಿ ಕಿತ್ತುಕೊಂಡಳು. ನಾನೂರು ಪುಟದ ಪುಸ್ತಕ. ಕನ್ನಡಕ ಏರಿಸಿಕೊಂಡು, ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚುತ್ತ ಹೋದಳು. ಊಟದ ಹೊತ್ತು ಮೀರಿತು. ಲವಾನ್ ಎಲ್ಲರಿಗೂ ಕರಿದ ಹಂದಿಮಾಂಸದ ಸ್ಯಾಂಡ್‌ವಿಚ್ ತಂದಳು. ಮಾಂಸ ಬನ್ನಿನಾಚೆ ನಾಲ್ಕೂ ಕಡೆ ಅಂಗೈಯಗಲ ಚಾಚಿಕೊಂಡಿತ್ತು. ಪೆಟಿಬೋನ್ ನಿಯಮದಲ್ಲಿ ಅಡ್ಡಿ ಇದೆಯೇ ಎಂದು ಒಂದು ಗಳಿಗೆ ಯೋಚಿಸಿ ತಿಂದ.

"ಇಲ್ನೋಡಿ!" ಎಂದಳು ಡೆಲೋರಿಸ್ ಮುನ್ನೂರ ಹನ್ನೊಂದನೇ ಪುಟದಲ್ಲಿ. "ಒಂದೇ ಗಿರಾಕಿ ಒಂದರ ಹಿಂದೊಂದು ದಿನ ತಗೊಂಡ ಪ್ರಮಾಣವನ್ನು ಒಟ್ಟುಗೂಡಿಸಬಹುದು. ಒಂದೂವರೆ ಮೂರಲೆ ನಾಲ್ಕೂವರೆ. ಆರ್ವಿಲ್ ಮೂರು ದಿನ ಬಂದು ಹೇಳ್ಕೊಂಡ್ರೆ ಆಯ್ತಲ್ಲ?"

ಪೆಟಿಬೋನ್ ಕಲಮನ್ನು ಎರಡು ಸಲ ಓದಿದ. ಮುಖ ಅರಳಿತು. "ಆಗುತ್ತೆ. ಆದರೆ ಅಡಿಟಿಪ್ಪಣಿ ನೋಡಿ. ಪ್ರತಿದಿನದ್ದೂ ಹೊಸದಾಗಿರತಕ್ಕದ್ದು. ಒಂದೇ ಸಂಕಟವನ್ನು ಎರಡು ಸಲ ಅಳೆಯೋ ಹಾಗಿಲ್ಲ."

ಎಲ್ಲರೂ ಆರ್ವಿಲ್‌ನನ್ನು ನೋಡಿದರು.

"ನೋಡೋಣ," ಎಂದ ಆರ್ವಿಲ್. "ಹುಡುಕಿದ್ರೆ ಸಿಗಬಹುದು."

ಕಾರು ಕದಲದ್ದರಿಂದ ಪೆಟಿಬೋನ್ ಲವಾನ್‌ಳ ಮನೆಯ ಹಿಂದಿನ ಕೋಣೆಯಲ್ಲಿ ಉಳಿದ. ಮರುದಿನ ಬೆಳಿಗ್ಗೆ ಆರೂವರೆಗೆ ಕಾಫಿ ಮೇಜಿನ ಸುತ್ತ ಮೂವತ್ತು ಜನ ನಿಂತಿದ್ದರು.

"ಹೇಗಿದ್ದೀರಿ?"

"ಚೆನ್ನಾಗಿಲ್ಲ," ಎಂದ ಆರ್ವಿಲ್. "ರಸ್ತೇಲಿ ಎದುರಿಗೆ ಯಾರ ಗಾಡಿ ಬಂದ್ರೂ ಜೀನ್ ಪಕ್ಕದ ಸೀಟಿಂದ ಒಂದು ಬೆರಳು ಎತ್ತಿ ನಮಸ್ಕಾರ ಮಾಡೋಳು. ನನ್ನ ಪಾಲಿಂದೂ ಅವಳೇ ಮಾಡಿಬಿಡೋಳು. ನಲವತ್ತೆಂಟು ವರ್ಷ ನಾನು ಬೆರಳೇ ಎತ್ತಿಲ್ಲ. ಈಗ ಎದುರಿಗೆ ಬಂದೋರು ಮುಂದೆ ಹೋದ ಮೇಲೆ ನೆನಪಾಗ್ತದೆ. ಆರ್ವಿಲ್‌ಗೆ ಕೊಬ್ಬು ಅಂದ್ಕೋತಾರೇನೋ."

"ಛೆ, ಯಾರೂ ಅಂದ್ಕೊಂಡಿಲ್ಲ ಕಣಯ್ಯಾ," ಎಂದ ಗೇಲನ್.

"ದಯವಿಟ್ಟು ಸಂಕಷ್ಟವನ್ನು ದುರ್ಬಲಗೊಳಿಸಬೇಡಿ," ಎಂದ ಪೆಟಿಬೋನ್. ಒಟ್ಟು ಮೂರು ಗ್ಯಾಲನ್ ಎಂದು ಬರೆದುಕೊಂಡ.

ಮೂರನೇ ದಿನ ಅರವತ್ತು ಜನ ಸೇರಿದ್ದರು. ಆರ್ವಿಲ್ ಬಹಳ ಹೊತ್ತು ಟೋಪಿಯ ಅಂಚು ತಿರುವುತ್ತ ಕೂತಿದ್ದ. ಮುಗಿಯಿತು, ಇವನ ಹತ್ತಿರ ಇನ್ನು ದಾಸ್ತಾನಿಲ್ಲ, ಟೂಸಾನಿನ ಬಿಸಿಲೇ ತನಗೆ ಗತಿ ಎಂದುಕೊಂಡಳು ಡೆಲೋರಿಸ್.

"ಅವಳು ರೂಬಾರ್ಬ್ ದಂಟಿನ ಪೈ ಮಾಡೋಳು," ಎಂದ ಆರ್ವಿಲ್ ಕೊನೆಗೆ. "ನನಗೆ ಅದು ಸೇರ್ತಾನೇ ಇರ್ಲಿಲ್ಲ. ಹುಳಿ. ಮದುವೆಯಾದ ವರ್ಷ ಚೆನ್ನಾಗಿದೆ ಅಂದುಬಿಟ್ಟೆ, ಆಮೇಲೆ ಹೇಳೋಕಾಗ್ಲಿಲ್ಲ. ನಲವತ್ತೆಂಟು ವರ್ಷ ತಿಂದೆ. ಈಗ ಫ್ರೀಜರಲ್ಲಿ ಮೂರು ಉಳಿದಿವೆ. ದಿನಾ ಇಷ್ಟೇ ಇಷ್ಟು ಕೊಯ್ಕೊಂಡು ತಿಂತೀನಿ. ಖಾಲಿಯಾಗಿಬಿಟ್ರೆ ಅಂತ ಹೆದರಿಕೆ ಆಗ್ತದೆ."

ಎಲ್ಲೋ ಒಬ್ಬರು ಮೂಗು ಸೀಟಿದರು. ಪೆಟಿಬೋನ್ ಎದ್ದು ನಿಂತು, ಕತ್ತಿನ ಗುಂಡಿ ಒಂದನ್ನು ಬಿಚ್ಚಿ, ದನಿ ಸರಿಮಾಡಿಕೊಂಡು ಓದಿದ: "ನಾಲ್ಕೂವರೆ ಗ್ಯಾಲನ್. ಟಿಲ್ಬರಿಯಲ್ಲಿ ತೀವ್ರವೂ ಅಸಾಧಾರಣವೂ ಆದ ತುರ್ತುಪರಿಸ್ಥಿತಿ ಇರುವುದಾಗಿ ಈ ಮೂಲಕ ಘೋಷಿಸಲಾಗಿದೆ."

ಬೀಗ ತೆರೆಯಿತು. ಮೊದಲ ಗಿರಾಕಿ ಪೆಟಿಬೋನ್.

ಆರ್ವಿಲ್‌ನ ಸಂಕಟಕ್ಕೆ ಇಲಾಖೆ ಮೂವತ್ತೆಂಟು ಅಂಕಿಗಳ ಒಂದು ಸಂಖ್ಯೆ ಕೊಟ್ಟಿತು. ಕ್ರಮದ ಪ್ರಕಾರ ಸಂಖ್ಯೆಯನ್ನು ಸಂಕಟದಿಂದ ಬೇರ್ಪಡಿಸಿ ಬೇರೆ ಊರಿಗೆ ವರ್ಗಾಯಿಸಬಹುದಿತ್ತು. ಟಿಲ್ಬರಿಯ ಕೆಲಸ ಮುಗಿದ ಮೇಲೆ ನೆಬ್ರಾಸ್ಕಾದ ಒಂದು ಊರಿನವರು, ತಮ್ಮಲ್ಲಿ ಎಲ್ಲರೂ ಸುಖವಾಗಿರುವುದರಿಂದ ತೊಂದರೆಯಾಗಿದೆ ಎಂದು ಬರೆದು, ಅದನ್ನು ತರಿಸಿಕೊಂಡರು. ಸಂಖ್ಯೆ ಹೋಯಿತು. ಸಂಕಟ ಮಾತ್ರ ಆರ್ವಿಲ್‌ನ ಹತ್ತಿರವೇ ಉಳಿಯಿತು.

ಇಪ್ಪತ್ತು ದಿನ ಕಳೆದು ಪೆಟಿಬೋನ್ ಮತ್ತೆ ಬಂದ. ಮತ್ತೆ ಮೂರು ದಿನ, ಮತ್ತೆ ಮೂರು ಹೊಸ ಸಂಗತಿ. ಜುಲೈ ಪೂರ್ತಿ, ಆಗಸ್ಟ್ ಪೂರ್ತಿ ಹೀಗೇ ನಡೆಯಿತು. ಊರಿಗೆ ರೂಢಿಯಾಯಿತು. "ಇವತ್ತು ಆರ್ವಿಲ್‌ದು ಇದೆ" ಎಂದು ಹೆಂಗಸರು ಸಿಹಿ ಬೇಯಿಸಿಕೊಂಡು, ಮಡಿಸುವ ಕುರ್ಚಿ ಹಿಡಿದು ಬಂಕಿಗೆ ಬರುತ್ತಿದ್ದರು. ಜೀನ್ ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದಳೆಂಬುದು ಹೊರಬಿತ್ತು. ಗಂಡನ ಸಾಕ್ಸು ಹೊಲಿಯುವಾಗ ಬೈಯುತ್ತಿದ್ದ ಬೈಗುಳ ಯಾವುದೆಂಬುದೂ ಹೊರಬಿತ್ತು; ಪಾದ್ರಿಯವರು ಕೆಮ್ಮಿದರು. ಒಂದು ದಿನ ಸರದಿ ಇಲ್ಲದೆಯೇ ಲವಾನ್ ಎದ್ದು ನಿಂತು, "ನನ್ನ ಸೊಂಟ ನೋಯ್ತದೆ ಕಣ್ರೋ, ಸತ್ತುಹೋಗೋಷ್ಟು ನೋಯ್ತದೆ," ಎಂದಳು. ಬೇಡಿಕೆಗಿಂತ ಹೆಚ್ಚಾದದ್ದರಿಂದ ಪೆಟಿಬೋನ್ ಅದನ್ನು "ಮಿಗತೆ" ಎಂದು ನಮೂದಿಸಿದ. ಅವಳಿಗೆ ಅಷ್ಟೇ ಸಾಕಾಗಿತ್ತು.

ಸೆಪ್ಟೆಂಬರ್ ಹದಿನೈದರ ಸಂಜೆ ಐದಕ್ಕೆ ಪ್ರಕಟಣೆ ಬಂತು. ಹವೆ ತಂಪಾಗಿರುವುದರಿಂದ ಪೆಟ್ರೋಲು ಆವಿಯಾಗುವುದು ನಿಂತಿದೆ. ಹದಿನೈದರ ಮಾರಾಟಕ್ಕೆ ಇನ್ನು ಅನುಮತಿ ಬೇಕಿಲ್ಲ. ಆದುದರಿಂದ ಮುಂದಿನ ಜೂನ್ ಒಂದರವರೆಗೆ ಟಿಲ್ಬರಿಯಲ್ಲಿ ಯಾವುದೇ ಸಂಕಷ್ಟ ಇರತಕ್ಕದ್ದಲ್ಲ.

ಡೆಲೋರಿಸ್ ಅದನ್ನು ಗಾಜಿನ ಬಾಗಿಲಿಗೆ ಅಂಟಿಸಿದಳು. ಗಂಡನ ಫೋಟೋ ಎಂದೋ ಗಲ್ಲಾಪೆಟ್ಟಿಗೆಯ ಹಿಂದಿನ ಮೊಳೆಗೆ ವಾಪಸು ಬಂದಿತ್ತು.

ಹದಿನಾರರ ಬೆಳಿಗ್ಗೆ ಆರೂವರೆಗೆ ಆರು ಕುರ್ಚಿಗಳೂ ತುಂಬಿದ್ದವು. ಗೇಲನ್ ದಾಳ ಕುಲುಕಿದ. ಆರ್ವಿಲ್ ಕಾಫಿ ಬಗ್ಗಿಸಿಕೊಂಡು ಕೂತ.

"ನಿನ್ನೆ ಫ್ರೀಜರ್ ತೆಗೆದೆ," ಎಂದ. "ಆ ಮೂರನೇ ಪೈ..."

ಎಲ್ಲರ ಕಣ್ಣೂ ಬಾಗಿಲ ಪ್ರಕಟಣೆಯ ಕಡೆ ಹೋಯಿತು. ಗೇಲನ್ ಮೆತ್ತಗೆ ಕೆಮ್ಮಿದ. "ಆರ್ವಿಲ್, ಕಾಲ ಮುಗೀತಲ್ಲೋ. ನಿನ್ನೆಗೇ."

"ಹೌದಲ್ವಾ," ಎಂದ ಆರ್ವಿಲ್. ಟೋಪಿ ಸರಿಮಾಡಿಕೊಂಡ. "ಮರೆತೇಬಿಟ್ಟೆ. ಪರವಾಗಿಲ್ಲ ಬಿಡಿ, ದೂರೋ ಹಾಗೇನಿಲ್ಲ."

ದಾಳ ಉರುಳಿತು. ಯಾರು ಸೋತರೆಂದು ಯಾರೂ ನೋಡಲಿಲ್ಲ. ಡೆಲೋರಿಸ್ ಗಲ್ಲಾಪೆಟ್ಟಿಗೆ ಕೆಳಗಿನ ಕಡತ ಎಳೆದು, ಖಾಲಿ ಫಾರಂ ಒಂದನ್ನು ತೆಗೆದು, ಮೇಜಿನ ಮೇಲೆ ಹರಡಿಕೊಂಡು ಪೆನ್ನಿನ ಮುಚ್ಚಳ ಬಿಚ್ಚಿದಳು.

"ಮುಂದಿನ ಜೂನ್‌ಗೆ ಮುಂಗಡ ಅಂತ ಬರ್ಕೋತೀನಿ," ಎಂದಳು. "ಒಂದೂವರೆ ಗ್ಯಾಲನ್. ಹೇಳು."

"ಮುಂಗಡಕ್ಕೆ ಅವಕಾಶ ಇದೆಯಾ?" ಎಂದು ಗೇಲನ್ ಕೇಳಿದ.

"ಮುನ್ನೂರ ಹನ್ನೆರಡನೇ ಪುಟ," ಎಂದಳು ಡೆಲೋರಿಸ್, ಪುಸ್ತಕ ತೆರೆಯದೆ.

ಅವಕಾಶ ಇರುವುದು ಖಚಿತವಾದ್ದರಿಂದ ಎಲ್ಲರೂ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಆರ್ವಿಲ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಖಾಲಿಯಾದ ಪೈ ತಟ್ಟೆಯ ವಿಷಯ ಹೇಳತೊಡಗಿದ.